ಉಕ್ಕಿನ ಸೀಮೆಯಲ್ಲಿ ಕತ್ತಿಯ ಹಿಡಿ

ತುಮಕೂರಿನಿಂದ ಉತ್ತರಕ್ಕೆ ಹೊರಟವರಿಗೆ ಕೊರಟಗೆರೆ ಬರುವ ಹೊತ್ತಿಗೇ ನೆಲದ ಸ್ವಭಾವ ಬದಲಾದದ್ದು ತಿಳಿಯುತ್ತದೆ. ತೆಂಗು ಅಡಕೆಗಳ ತೋಟಗಳು ವಿರಳವಾಗುತ್ತ, ಯಾರೋ ಒಂದರ ಮೇಲೊಂದು ಪೇರಿಸಿಟ್ಟು ಮರೆತುಹೋದಂತಿರುವ ಬಂಡೆಗಳು ದಾರಿಯ ಎರಡು ಕಡೆಯಲ್ಲಿಯೂ ಜೊತೆಗೂಡುತ್ತವೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿದ ಜಯಮಂಗಲಿ ಈ ಸೀಮೆಯನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ನಕ್ಷೆಯಲ್ಲಿ ಅದು ನದಿ, ವರ್ಷದ ಬಹುಭಾಗ ಕಣ್ಣಿಗೆ ಬರಿಯ ಮರಳು. ಇನ್ನೂ ಮುಂದೆ ಹೋದರೆ ಮಧುಗಿರಿಯ ಏಕಶಿಲೆಯ ಬೆಟ್ಟ. 3,930 ಅಡಿ ಎತ್ತರದ ಆ ಒಂದೇ ಕಲ್ಲು, ಮಳೆಯ ನೀರು ಹರಿದಿಳಿದ ಕಪ್ಪು ಗೆರೆಗಳನ್ನು ಮೈಮೇಲೆ ಹೊತ್ತು, ಊರಿನ ಬೀದಿಬೀದಿಯ ತುದಿಯಲ್ಲಿಯೂ ನಿಂತು ನೋಡುತ್ತದೆ.

ಈ ಕಡೆ ಬರುವವರು ಸಾಮಾನ್ಯವಾಗಿ ಒಂದು ಉದ್ದೇಶವಿಟ್ಟುಕೊಂಡು ಬರುತ್ತಾರೆ. ಕೊರಟಗೆರೆಯ ತಾಲ್ಲೂಕಿಗೆ ಗೊರವನಹಳ್ಳಿಯ ಮಹಾಲಕ್ಷ್ಮಿಗಾಗಿ ಇಲ್ಲವೇ ಸಿದ್ಧರ ಬೆಟ್ಟಕ್ಕಾಗಿ. ಮಧುಗಿರಿಗೆ ಕೋಟೆ ಹತ್ತುವುದಕ್ಕಾಗಿ. ಶಿರಾಕ್ಕೆ ಮಲ್ಲಿಕ್ ರಿಹಾನನ ಗೋರಿಯನ್ನು ನೋಡಲು. ಪಾವಗಡಕ್ಕೆ ಶನಿದೇವರ ದರ್ಶನಕ್ಕೆ. ನಾನು ಈ ನಾಲ್ಕು ತಾಲ್ಲೂಕುಗಳನ್ನು ಸುತ್ತಿದ್ದು ಕ್ಷೌರದ ಕತ್ತಿಯ ಹಿಡಿಗಳನ್ನು ನೋಡುವುದಕ್ಕೆ ಎಂದರೆ ವಾಚಕರು ನಕ್ಕಾರು. ನನ್ನ ಮನೆಯವರೂ ನಕ್ಕರು. ಆದರೆ ಈ ಭಾಗದ ಕ್ಷೌರಿಕರು ಬೀದಿಗೆ ಎಸೆದ ಪ್ಲಾಸ್ಟಿಕ್ಕಿನಿಂದ ತಮ್ಮ ಕತ್ತಿಗೆ ತಾವೇ ಹಿಡಿ ಮಾಡಿಕೊಳ್ಳುತ್ತಾರೆಂದು ಕೇಳಿದಾಗ, ಅದನ್ನು ನೋಡದೆ ಇರಲು ನನ್ನಿಂದ ಆಗಲಿಲ್ಲ. ಅದಕ್ಕೊಂದು ಕಾರಣವೂ ಇತ್ತು. ಇದು ಉಕ್ಕಿನ ಸೀಮೆ.

1800ರಲ್ಲಿ, ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಕಂಡದ್ದನ್ನೆಲ್ಲ ಬರೆದಿಟ್ಟ. ಆ ಬರಹ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಈಗ ಕೊರಟಗೆರೆ ತಾಲ್ಲೂಕಿಗೆ ಸೇರಿರುವ ಚನ್ನರಾಯನದುರ್ಗದ ಆಸುಪಾಸಿನಲ್ಲಿ ಉಕ್ಕು ಮಾಡುವ ಕ್ರಮವನ್ನು ಆತ ವಿವರವಾಗಿ ವರ್ಣಿಸಿದ್ದಾನೆ. ಹಸಿ ಮಣ್ಣಿನ ಸಣ್ಣ ಮೂಸೆ. ಅದರೊಳಗೆ ಕಬ್ಬಿಣದ ತುಂಡು. ಕಬ್ಬಿಣದೊಡನೆ ತಂಗಡಿಯ ಕಡ್ಡಿ ಮತ್ತು ಹಸುರೆಲೆ. ಬಾಯಿಗೆ ಮಣ್ಣಿನ ಮುಚ್ಚಳ. ಇಂಥ ಮೂಸೆಗಳನ್ನು ಒಲೆಯಲ್ಲಿ ಜೋಡಿಸಿ, ಇದ್ದಿಲು ತುಂಬಿ, ತಿದಿಯೊತ್ತಿ ಕಾಯಿಸಿದರೆ, ಒಳಗಿನ ಕಡ್ಡಿ ಸುಟ್ಟು ಇಂಗಾಲವಾಗಿ ಕಬ್ಬಿಣದಲ್ಲಿ ಸೇರುತ್ತದೆ. ಮೂಸೆಯನ್ನೊಡೆದಾಗ ಹೊರಬರುವುದು ಕಬ್ಬಿಣವಲ್ಲ, ಉಕ್ಕು. ಕಲ್ಲುಕುಟಿಗರ ಉಳಿಗೆ, ಖಡ್ಗಕ್ಕೆ, ವೀಣೆ ಮೊದಲಾದ ವಾದ್ಯಗಳ ತಂತಿಗೆ ಅದು ಒದಗುತ್ತಿತ್ತು. ಇಂದಿಗೂ ಕೊರಟಗೆರೆ ಮಧುಗಿರಿಗಳ ದಾರಿಬದಿಯಲ್ಲಿ ತಂಗಡಿ ಹಳದಿ ಹೂವು ತಳೆದು ನಿಂತಿರುತ್ತದೆ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಅದೊಂದು ಕಾಡುಗಿಡ.

ಇಂಗ್ಲಿಷರು ಈ ಪದಾರ್ಥಕ್ಕೆ 'ವೂಟ್ಸ್' ಎಂದು ಹೆಸರಿಟ್ಟರು. ಅದು ನಮ್ಮ 'ಉಕ್ಕು' ಎಂಬ ಮಾತೇ ಬಾಯಿಯಿಂದ ಬಾಯಿಗೆ ಹೋಗಿ ಕೆಟ್ಟ ರೂಪವೆಂದು ಅನೇಕ ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಎಂಬಾತ ಈ ಉಕ್ಕನ್ನು ಕುರಿತು ಪ್ರಬಂಧ ಮಂಡಿಸಿದ. ಜೇಮ್ಸ್ ಸ್ಟೊಡಾರ್ಟ್ ಎಂಬ ಲಂಡನ್ನಿನ ಕತ್ತಿಯ ಕೆಲಸಗಾರ, ಶಸ್ತ್ರವೈದ್ಯರ ಸಲಕರಣೆಗಳಿಗೂ ಕ್ಷೌರದ ಕತ್ತಿಗಳಿಗೂ ಯೂರೋಪಿನ ಅತ್ಯುತ್ತಮ ಉಕ್ಕಿಗಿಂತ ಭಾರತದ ಉಕ್ಕೇ ಮೇಲೆಂದು ತನ್ನ ಅಂಗಡಿಯ ಚೀಟಿಯಲ್ಲಿಯೇ ಅಚ್ಚುಹಾಕಿಸಿಕೊಂಡಿದ್ದ. ಮುಂದೆ ವಿದ್ಯುಚ್ಛಕ್ತಿಯ ಸಂಶೋಧನೆಯಿಂದ ಜಗದ್ವಿಖ್ಯಾತನಾದ ಮೈಕೆಲ್ ಫ್ಯಾರಡೆ, 1820ರ ಸುಮಾರಿನಲ್ಲಿ ಇದೇ ಸ್ಟೊಡಾರ್ಟನೊಡನೆ ಕೂಡಿ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗ ನಡೆಸಿ, ಅವುಗಳಿಂದ ಕ್ಷೌರದ ಕತ್ತಿಗಳನ್ನು ಮಾಡಿಸಿ ಸ್ನೇಹಿತರಿಗೆ ಕೊಟ್ಟ. ಲಂಡನ್ನಿಗೆ ಹೋದ ಆ ಉಕ್ಕಿನ ಗಟ್ಟಿ ಮಧುಗಿರಿಯದೇ ಎಂದು ನಾವು ಹಕ್ಕು ಸ್ಥಾಪಿಸಬೇಕಾಗಿಲ್ಲ. ವಿದ್ಯೆ ಒಂದೇ ಆಗಿತ್ತು, ಹೆಸರೂ ಒಂದೇ ಆಗಿತ್ತು, ಅಷ್ಟು ಸಾಕು.

ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ಈ ಒಲೆಗಳು ಆರಿದವು. ಹಡಗಿನಲ್ಲಿ ಅಗ್ಗದ ಪರದೇಶದ ಉಕ್ಕು ಬಂದಿತು. ಇದ್ದಿಲಿಗೆ ಬೇಕಾದ ಕಾಡಿಗೆ ಬೇಲಿ ಬಿದ್ದಿತು. ಅನಂತರ ಇಲ್ಲಿಯ ಕ್ಷೌರಿಕರ ಹಡಪದೊಳಗೆ ಸೇರಿದ್ದು ಇಂಗ್ಲೆಂಡಿನ ಷೆಫೀಲ್ಡ್, ಜರ್ಮನಿಯ ಜೋಲಿಂಗೆನ್ ಊರುಗಳ ಹೆಸರು ಕೊರೆದ ಕತ್ತಿಗಳು. ಹಡಪವೆಂದರೆ ಕ್ಷೌರಿಕನ ಸಲಕರಣೆಯ ಚೀಲ. ಹಿಂದೆ ಎಲೆಯಡಕೆಯ ಸಂಚಿಗೂ ಅದೇ ಹೆಸರಿತ್ತು. ಬಸವಣ್ಣನವರ ಆಪ್ತನಾಗಿದ್ದ ವಚನಕಾರ ಹಡಪದ ಅಪ್ಪಣ್ಣನ ಹೆಸರಿನಲ್ಲಿ ಆ ಮಾತು ಹನ್ನೆರಡನೆಯ ಶತಮಾನದಿಂದ ಉಳಿದುಬಂದಿದೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಕ್ಷೌರಿಕನಿಗೆ 'ಕೆಲಸಿ' ಎಂಬ ಹೆಸರೂ ಉಂಟು. ಊರಿನಲ್ಲಿ ಎಲ್ಲರೂ ಕೆಲಸ ಮಾಡುವವರೇ ಆಗಿದ್ದರೂ 'ಕೆಲಸದವನು' ಎಂಬ ಬಿರುದು ಈತನೊಬ್ಬನಿಗೇ ಸಂದುದು ಭಾಷೆಯ ವಿಚಿತ್ರಗಳಲ್ಲೊಂದು.

ಕತ್ತಿಯ ಅಲಗು ಮೂರು ತಲೆಮಾರು ಬಾಳುತ್ತದೆ. ಸಾಣೆಯ ಮೇಲೆ ಸವೆದು ಸವೆದು ಅಗಲ ಕಡಮೆಯಾದೀತು, ಆದರೆ ಕೆಲಸ ನಿಲ್ಲಿಸುವುದಿಲ್ಲ. ಕೆಡುವುದು ಹಿಡಿ. ಮಡಚುವ ಕತ್ತಿಯ ಹಿಡಿಯೆಂದರೆ ಎರಡು ತೆಳುವಾದ ಪಟ್ಟಿಗಳು. ಒಂದು ತುದಿಯಲ್ಲಿ ಅವೆರಡರ ನಡುವೆ ಅಲಗನ್ನಿಟ್ಟು ಕೀಲು ಹೊಡೆಯುತ್ತಾರೆ. ಇನ್ನೊಂದು ತುದಿಯಲ್ಲಿ ಸಣ್ಣದೊಂದು ಬೆಣೆಯನ್ನಿಟ್ಟು ಸೇರಿಸುತ್ತಾರೆ. ಆ ಬೆಣೆಯಿಂದಾಗಿಯೇ ಪಟ್ಟಿಗಳೆರಡೂ ಒಂದನ್ನೊಂದು ಮುಟ್ಟದೆ ನಿಂತು, ಮಡಚಿದ ಅಲಗಿನ ಬಾಯಿ ಎಲ್ಲಿಯೂ ತಗುಲದೆ ನಡುವಿನ ಬಯಲಿನಲ್ಲಿ ವಿಶ್ರಮಿಸುತ್ತದೆ. ಹಿಂದೆ ಈ ಪಟ್ಟಿಗಳು ಎಮ್ಮೆಯ ಕೋಡಿನವು. ಶ್ರೀಮಂತರ ಕತ್ತಿಗೆ ದಂತ. ಕೋಡು ಅಂದವಾದುದೇನೋ ನಿಜ, ಆದರೆ ಅದಕ್ಕೆ ಹುಳು ಬೀಳುತ್ತದೆ. ದಿನವೂ ನೀರಿನಲ್ಲಿ ನೆನೆದು ಬಿಸಿಲಿನಲ್ಲಿ ಒಣಗಿ ಸೊಟ್ಟಗಾಗುತ್ತದೆ, ಪದರ ಪದರವಾಗಿ ಬಿಡುತ್ತದೆ.

ಕೋಡಿನ ಅನಂತರ ಬಂದದ್ದು ಸೆಲ್ಯುಲಾಯ್ಡ್. ದಂತಕ್ಕೆ ಬದಲಾಗಿ ಬಿಲಿಯರ್ಡ್ ಚೆಂಡಿಗೆ ಒಂದು ಪದಾರ್ಥ ಬೇಕೆಂದು ಹುಡುಕುತ್ತ ಅಮೆರಿಕದ ಹಯಟ್ ಎಂಬಾತ 1870ರ ಸುಮಾರಿನಲ್ಲಿ ರೂಪಿಸಿದ ವಸ್ತು ಅದು. ಹತ್ತಿಯ ನಾರನ್ನು ಆಮ್ಲದಲ್ಲಿ ಸಂಸ್ಕರಿಸಿ ಕರ್ಪೂರ ಬೆರೆಸಿ ಮಾಡಿದ್ದು. ಹಳೆಯ ಜರ್ಮನ್ ಕತ್ತಿಯೊಂದರ ಹಿಡಿಯನ್ನು ಅಂಗೈಯಲ್ಲಿ ಚೆನ್ನಾಗಿ ಉಜ್ಜಿ ಮೂಸಿದರೆ ದೇವರಮನೆಯ ವಾಸನೆ ಬರುವುದುಂಟು! ಆದರೆ ಈ ದಂತದ ವೇಷಧಾರಿಗೆ ಎರಡು ದುರ್ಗುಣ. ಬೆಂಕಿ ತಗುಲಿದರೆ ಭಗ್ಗನೆ ಉರಿಯುತ್ತದೆ. ವಯಸ್ಸಾದಂತೆ ತಾನಾಗಿ ಕೊಳೆತು ಆಮ್ಲದ ಆವಿಯನ್ನು ಬಿಡುತ್ತದೆ. ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟ ಕತ್ತಿಗೆ ಅದರ ಹಿಡಿಯೇ ತುಕ್ಕು ಹಿಡಿಸುತ್ತದೆ.

ಮಧುಗಿರಿಯಲ್ಲಿ ನಾನು ಕಂಡ ವೃದ್ಧರ ಕತ್ತಿಗೆ ಆದದ್ದು ಇದೇ. ಬೆಟ್ಟದ ಕಡೆಗೆ ಹೋಗುವ ಬೀದಿಯೊಂದರಲ್ಲಿ ಅವರ ಅಂಗಡಿ. ಒಂದು ಕುರ್ಚಿ, ಒಂದು ಕನ್ನಡಿ, ಮಗನಿಗೊಂದು ಸ್ಟೂಲು. ವಯಸ್ಸು ಎಪ್ಪತ್ತು ದಾಟಿದೆ. ಬಂದ ಕಾರಣವನ್ನು ಹೇಳಿದಾಗ ಅವರು ಮೊದಲು ನನ್ನ ಗಡ್ಡವನ್ನು ನೋಡಿದರು, ಅನಂತರ ನನ್ನ ಮುಖವನ್ನು.

"ಹಿಡಿ ನೋಡಾಕೆ ಬಂದ್ರಾ ಸ್ವಾಮಿ? ಕತ್ತಿ ನೋಡಾಕೆ ಬಂದವ್ರನ್ನೇ ನಾನು ಕಾಣೆ" ಎಂದು ನಕ್ಕು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಕತ್ತಿಯನ್ನು ತೆಗೆದುಕೊಟ್ಟರು. ಅಜ್ಜನ ಕಾಲದ ಜರ್ಮನ್ ಅಲಗು. ಬುಡದಲ್ಲಿ ಊರಿನ ಹೆಸರು ಅರ್ಧ ಅಳಿಸಿಹೋಗಿದೆ. ಹಿಡಿ ಮಾತ್ರ ಬೂದು ಬಣ್ಣದ್ದು, ನುಣ್ಣಗೆ, ತುಸು ಬಾಗಿ, ಕೈಗೆ ಹಿತವಾಗಿ ಕೂಡುವಂಥದು. ಹಿತ್ತಾಳೆಯ ಕೀಲಿನ ಸುತ್ತ ಪುಟ್ಟ ಹಿತ್ತಾಳೆಯ ಬಿಲ್ಲೆ.

"ಇದು ಯಾವ ಪದಾರ್ಥ, ಯಜಮಾನರೇ?"

"ಬೋರ್‌ವೆಲ್ ಪೈಪು."

ಊರಿನ ಹೊರಗೆ ಅವರಿಗಿದ್ದ ಎರಡು ಎಕರೆಯಲ್ಲಿ ಮಗ ಮೂರು ಸಲ ಕೊಳವೆ ಬಾವಿ ಕೊರೆಯಿಸಿದ. ಮೊದಲನೆಯದರಲ್ಲಿ ಒಂದು ವರ್ಷ ನೀರು ಬಂದಿತು. ಎರಡನೆಯದರಲ್ಲಿ ದೂಳು ಬಂದಿತು. ಮೂರನೆಯದರಲ್ಲಿಯೂ ದೂಳೇ. ಸಾಲ ಉಳಿಯಿತು, ಭೂಮಿ ಅರ್ಧ ಹೋಯಿತು. ಬಾವಿಯ ಬಾಯಿಗೆ ಇಳಿಸಿದ್ದ ಪೈಪನ್ನೂ, ಹೊಲಕ್ಕೆ ನೀರು ಹಾಯಿಸಲು ಹೂತಿದ್ದ ತೆಳುವಾದ ಪೈಪನ್ನೂ ಕಿತ್ತು ಗುಜರಿಯವನಿಗೆ ಕೊಟ್ಟರು. ತೂಕ ಮಾಡುವಾಗ ಮೊಳದುದ್ದದ ಒಂದು ತುಂಡನ್ನು ಈ ವೃದ್ಧರು ಹಿಂದಕ್ಕೆ ತೆಗೆದಿಟ್ಟುಕೊಂಡರು. ಏಕೆಂದು ಮಗ ಕೇಳಿದನಂತೆ. "ಅಷ್ಟು ದುಡ್ಡು ನೆಲದೊಳಗೆ ಹಾಕಿದ್ದೀವಿ, ಅಷ್ಟಾದ್ರೂ ಮೇಲಕ್ಕೆ ಬರ್ಲಿ ಅಂದೆ ಸ್ವಾಮಿ." ಮಗ ಸ್ಟೂಲಿನ ಮೇಲೆ ಕುಳಿತು ಹೊರಗೆ ನೋಡುತ್ತಿದ್ದ. ಈ ಮಾತು ಅವನಿಗೆ ಹೊಸದಲ್ಲ.

ಕೆಲಸದ ಕ್ರಮವನ್ನು ಅವರು ಮಾಡಿಯೇ ತೋರಿಸಿದರು. ಪೈಪಿನ ತುಂಡನ್ನು ಕಬ್ಬಿಣ ಕೊಯ್ಯುವ ಗರಗಸದಿಂದ ಉದ್ದಕ್ಕೆ ಸೀಳಬೇಕು. ಕುದಿಯುವ ನೀರಿನಲ್ಲಿ ಮುಳುಗಿಸಿದರೆ ನಾಲ್ಕೈದು ನಿಮಿಷದಲ್ಲಿ ಅದು ಚರ್ಮದಂತೆ ಮೆತ್ತಗಾಗುತ್ತದೆ. ಈ ಜಾತಿಯ ಪ್ಲಾಸ್ಟಿಕ್ಕು ಮೆತ್ತಗಾಗಲು ಎಂಬತ್ತು ಡಿಗ್ರಿಯ ಶಾಖ ಸಾಕು. ಇಕ್ಕುಳದಿಂದ ತೆಗೆದು, ಎರಡು ಕಡಪದ ಕಲ್ಲುಗಳ ನಡುವೆ ಬಿಡಿಸಿಟ್ಟು, ಮೇಲೆ ರುಬ್ಬುವ ಗುಂಡನ್ನು ಹೇರುತ್ತಾರೆ. ತಣ್ಣಗಾಗುವ ತನಕ ಮುಟ್ಟುವಂತಿಲ್ಲ. ಅವಸರಪಟ್ಟು ನೇರವಾಗಿ ಬೆಂಕಿಗೆ ಹಿಡಿದರೆ ಕೆಟ್ಟಿತು; ಪೈಪು ಕರಿಕಾಗಿ ಬಿಡುವ ಹೊಗೆ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲದ ಅನಿಲ. ಕಣ್ಣು, ಗಂಟಲು ಉರಿಯುತ್ತವೆ. ಹತ್ತಿರದಲ್ಲಿದ್ದ ಉಕ್ಕಿಗೂ ತುಕ್ಕು ಹಿಡಿಯುತ್ತದೆ. ವೃದ್ಧರು ಇದರ ಹೆಸರನ್ನು ಅರಿಯರು, ಗುಣವನ್ನು ಬಲ್ಲರು. "ಆ ಹೊಗೆ ಕುಡುದ್ರೆ ಎದೆ ಹಿಡ್ಕೊಂತದೆ, ನೀರಲ್ಲೇ ಬೇಯಿಸ್ಬೇಕು" ಎಂದರು.

ಚಪ್ಪಟೆಯಾದ ಹಲಗೆಯ ಮೇಲೆ ಹಳೆಯ ಹಿಡಿಯನ್ನಿಟ್ಟು ಮೊಳೆಯಿಂದ ಗೆರೆ ಎಳೆಯುವುದು. ಎರಡು ಪಟ್ಟಿಗಳನ್ನು ಒಟ್ಟಿಗೆ ಕಟ್ಟಿ ಕೊಯ್ಯುವುದು, ಒಟ್ಟಿಗೇ ಅರದಿಂದ ಉಜ್ಜುವುದು. ಬೇರೆ ಬೇರೆಯಾಗಿ ಉಜ್ಜಿದರೆ ಅಣ್ಣ ತಮ್ಮಂದಿರಂತೆ ಕಾಣುತ್ತವೆ, ಅವಳಿಗಳಂತೆ ಕಾಣುವುದಿಲ್ಲ. ಮರಳುಕಾಗದದಿಂದ ತಿಕ್ಕಿ, ಕೊನೆಗೆ ಬೂದಿ ಮತ್ತು ನೀರಿನಿಂದ ಹೊಳಪು. ತೂತು ಕೊರೆದು ಹಿತ್ತಾಳೆಯ ತಂತಿಯ ತುಂಡನ್ನು ತೂರಿಸಿ, ಎರಡು ತುದಿಗೂ ಬಿಲ್ಲೆಯನ್ನಿಟ್ಟು, ಅಕ್ಕಸಾಲಿಗನ ಸುತ್ತಿಗೆಯಷ್ಟು ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಎಂದು ತಲೆ ಅರಳಿಸುತ್ತಾರೆ. ವಿದ್ಯೆಯೆಲ್ಲ ಇರುವುದು ಈ ಕೊನೆಯ ಪೆಟ್ಟುಗಳಲ್ಲಿ. ಒಂದು ಪೆಟ್ಟು ಹೆಚ್ಚಾದರೆ ಅಲಗು ಬಿಗಿದು ತೆರೆಯುವುದಿಲ್ಲ. ಕಡಮೆಯಾದರೆ ಕೆನ್ನೆಯ ಮೇಲೆ ಅಲುಗಾಡುತ್ತದೆ. ಕತ್ತಿಯನ್ನು ಅರ್ಧ ತೆರೆದು ಹಿಡಿದರೆ ಅಲಗು ತನ್ನ ಭಾರಕ್ಕೆ ತಾನು ಬೀಳದೆ ನಿಲ್ಲಬೇಕು, ಹೆಬ್ಬೆರಳು ತಾಗಿಸಿದರೆ ಸಾಕು, ಸರಿಯಬೇಕು. ಅವರು ಹಿಡಿದರು, ನಿಂತಿತು, ತಾಗಿಸಿದರು, ಸರಿಯಿತು. ನನ್ನ ಕೈಗೆ ಕೊಟ್ಟು ನಾನು ನಡುಗಿಸಿದ್ದನ್ನು ಕಂಡು ಹಿಂದಕ್ಕೆ ಪಡೆದರು.

"ಈ ಪೈಪಿಗೆ ಒಂದು ಕೆಟ್ಟ ಗುಣ ಐತೆ ಸ್ವಾಮಿ. ನೆನಪು ಜಾಸ್ತಿ" ಎಂದರು. ಎಷ್ಟೇ ಚಪ್ಪಟೆ ಮಾಡಿರಲಿ, ಮತ್ತೆ ಬಿಸಿನೀರು ಸೋಕಿದರೆ ಅದು ತನ್ನ ಪೂರ್ವಜನ್ಮವನ್ನು ಸ್ಮರಿಸಿಕೊಂಡು ದುಂಡಗಾಗಲು ಹವಣಿಸುತ್ತದೆ. ಆದ್ದರಿಂದ ಇಂಥ ಹಿಡಿಯ ಕತ್ತಿಯನ್ನು ಕುದಿಯುವ ನೀರಿಗೆ ಹಾಕುವಂತಿಲ್ಲ; ಅಲಗನ್ನು ಮಾತ್ರ ಒರೆಸಬೇಕು.

ಆ ಕತ್ತಿಯಿಂದ ಯಾರಿಗೆ ಕ್ಷೌರ ಮಾಡುತ್ತೀರೆಂದು ಕೇಳಿದೆ. ತಮಗೆ ಮಾತ್ರ ಎಂದರು. ಒಂದೇ ಅಲಗು ಹತ್ತು ಜನರ ಕೆನ್ನೆಗೆ ತಾಗುವ ಕಾಲ ಮುಗಿದಿದೆ. 1986ರಲ್ಲಿ ಮದರಾಸಿನಲ್ಲಿ ಎಚ್.ಐ.ವಿ. ಸೋಂಕು ನಮ್ಮ ದೇಶದಲ್ಲಿ ಮೊದಲು ಪತ್ತೆಯಾದ ಮೇಲೆ, ತಲೆಗೊಂದು ಹೊಸ ಬ್ಲೇಡು ಎಂಬ ಪದ್ಧತಿ ಕ್ರಮೇಣ ಹಳ್ಳಿಯವರೆಗೂ ಬಂದಿತು. ಈಗ ಎಲ್ಲೆಡೆಯೂ ಬ್ಲೇಡನ್ನು ಎರಡಾಗಿ ಮುರಿದು ಅರ್ಧವನ್ನು ಕೂರಿಸುವ ಕತ್ತಿ. ಇದು ಸರಿಯಾದ ಪದ್ಧತಿ. ಇದನ್ನು ಕುರಿತು ಹಳಹಳಿಸುವವರೊಡನೆ ನಾನು ಸೇರಲಾರೆ. ಆದರೆ ಅಗ್ಗದ ಆ ಹೊಸ ಕತ್ತಿಗಳ ಹಿಡಿ ಕೀಲಿನ ಬಳಿಯಲ್ಲಿ ಕೆಲವೇ ತಿಂಗಳಲ್ಲಿ ಬಿರಿಯುತ್ತದೆ. ಸುತ್ತಲಿನ ಊರುಗಳ ಕ್ಷೌರಿಕರು ಅವನ್ನು ಈ ವೃದ್ಧರ ಬಳಿಗೆ ತರುತ್ತಾರೆ. ಹಿಡಿಯೊಂದಕ್ಕೆ ನಲವತ್ತು ರೂಪಾಯಿ; ಪರಿಚಿತರಾದರೆ ಕಾಫಿ.

ಹೊರಡುವಾಗ ಇನ್ನೊಂದು ಸಂಗತಿ ತಿಳಿಯಿತು. ಅವರು ಮೊದಲು ಈ ಊರಿನವರಲ್ಲ. ಹಳ್ಳಿಯಲ್ಲಿ ಆಯದ ಕೆಲಸಿಯಾಗಿದ್ದವರು. ಸುಗ್ಗಿಯಲ್ಲಿ ಮನೆಮನೆಯಿಂದ ರಾಗಿ ಬರುತ್ತಿತ್ತು. ಅಜ್ಜನ ಕಾಲದಲ್ಲಿಯೂ ತಂದೆಯ ಕಾಲದಲ್ಲಿಯೂ ಊರಿನ ಹೊರಗಿನ ಕೇರಿಯವರಿಗೆ ಈ ಕತ್ತಿ ತಾಗಿರಲಿಲ್ಲ. ಒಮ್ಮೆ ಆ ಕೇರಿಯ ಹುಡುಗನೊಬ್ಬ, ಪರೀಕ್ಷೆಗೆ ಹೋಗುವವನು, ಬಂದು ಜಗಲಿಯ ಕೆಳಗೆ ನಿಂತ. ಇವರು ಕರೆದು ಕೂರಿಸಿ ಕ್ಷೌರ ಮಾಡಿದರು. ಆ ವರ್ಷದ ಸುಗ್ಗಿಯಲ್ಲಿ ರಾಗಿ ಬರಲಿಲ್ಲ. "ಯಾರೂ ಏನೂ ಅನ್ನಲಿಲ್ಲ ಸ್ವಾಮಿ. ರಾಗಿ ಬರ್ಲಿಲ್ಲ, ಅಷ್ಟೇ." ಹೆಂಡತಿ ಮಕ್ಕಳೊಡನೆ ಮಧುಗಿರಿಗೆ ಬಂದರು. ಆ ಹುಡುಗ ಏನಾದನೆಂದು ಕೇಳಿದೆ. ಪರೀಕ್ಷೆಯಲ್ಲಿ ತೇರ್ಗಡೆಯಾದನಂತೆ, ಮದುವೆಯ ಕಾಗದ ಕಳಿಸಿದ್ದನಂತೆ.

ಶಿರಾದ ಕಥೆ ಬೇರೆ. ಮಧುಗಿರಿ ಬೆಟ್ಟದ ನೆರಳಿನ ಊರಾದರೆ ಶಿರಾ ಹೆದ್ದಾರಿಯ ಊರು. ಇಂದು ಲಾರಿಗಳ ಗದ್ದಲದಲ್ಲಿ ಕಿವಿ ಮುಚ್ಚಿಕೊಳ್ಳುವವರಿಗೆ ಇದೊಂದು ಕಾಲದಲ್ಲಿ ರಾಜಧಾನಿಯಂಥ ಪಟ್ಟಣವಾಗಿತ್ತೆಂದು ನಂಬುವುದು ಕಷ್ಟ. 1638ರಲ್ಲಿ ಬಿಜಾಪುರದ ವಶವಾಗಿ, 1687ರಲ್ಲಿ ಮೊಗಲರ ಸುಬಾದ ಮುಖ್ಯಪಟ್ಟಣವಾಗಿ, 1696ರ ಜುಮ್ಮಾ ಮಸೀದಿಯನ್ನೂ ಅದಕ್ಕೂ ಹಳೆಯ ಮಲ್ಲಿಕ್ ರಿಹಾನನ ಗೋರಿಯನ್ನೂ ಉಳಿಸಿಕೊಂಡಿರುವ ಊರು. ಟಿಪ್ಪು ಸುಲ್ತಾನ ಶ್ರೀರಂಗಪಟ್ಟಣದ ಬಳಿ ಗಂಜಾಮನ್ನು ಕಟ್ಟಿದಾಗ ಅಲ್ಲಿ ಜನ ತುಂಬಿಸಲು ಇಲ್ಲಿಂದ 12,000 ಕುಟುಂಬಗಳನ್ನು ಸಾಗಿಸಿದನೆಂದು ಗ್ಯಾಸೆಟಿಯರು ಹೇಳುತ್ತದೆ. ಹಾಗೆ ಹೋದವರ ಹಡಪಗಳೂ ಹೋಗಿರಬೇಕು.

ಇಲ್ಲಿಯ ಕ್ಷೌರದ ಅಂಗಡಿಗೆ ಗಿರಾಕಿಗಳು ಲಾರಿಯ ಚಾಲಕರು. ಅಂಗಡಿಯವನು ಮೂವತ್ತರ ತರುಣ. ಅವನ ಕತ್ತಿಯ ಹಿಡಿಯನ್ನು ಕಂಡು ನಾನು ಬೆರಗಾದೆ. ಮಾಣಿಕ್ಯದ ಬಣ್ಣ, ಗಾಜಿನಂತೆ ಪಾರದರ್ಶಕ, ಮಡಚಿದರೂ ಒಳಗಿನ ಅಲಗು ಕೆಂಪಗೆ ಕಾಣುತ್ತದೆ. ಪಕ್ಕದಲ್ಲಿ ನಾಮಫಲಕ ಮಾಡುವ ಅಂಗಡಿ. ಅಲ್ಲಿ ಅಕ್ರಿಲಿಕ್ ಹಲಗೆಗಳಿಂದ ಅಕ್ಷರಗಳನ್ನು ಕೊರೆದ ಮೇಲೆ ಉಳಿಯುವ ಚೂರುಗಳನ್ನು ಒಂದು ಡಬ್ಬಿಯಲ್ಲಿ ಹಾಕುತ್ತಾರೆ. ಈತ ಅದರಿಂದ ಆರಿಸಿಕೊಳ್ಳುತ್ತಾನೆ. ಬೆಲೆಯಿಲ್ಲ, ತಿಂಗಳಿಗೊಮ್ಮೆ ಆ ಅಂಗಡಿಯವನಿಗೆ ಕ್ಷೌರ ಬಿಟ್ಟಿ.

"ಪೈಪಿನ ಹಿಡಿಯಾ? ಅದೆಲ್ಲಾ ಹಳೇ ಕಾಲದವ್ರದು ಸಾರ್" ಎಂದ ತರುಣ, ತುಸು ಅಭಿಮಾನದಿಂದಲೇ. ಆದರೆ ಅವನ ಪದಾರ್ಥಕ್ಕೂ ಅದರದೇ ಆದ ಹಟವುಂಟು. ಹೊಳಪು ಬೇಗ ಬರುತ್ತದೆ, ಚಪ್ಪಟೆ ಮಾಡುವ ಶ್ರಮವಿಲ್ಲ, ಆದರೆ ಬಲು ಪೆಡಸು. ಬೈರಿಗೆಯನ್ನು ಜೋರಾಗಿ ತಿರುಗಿಸಿದರೆ ತೂತಿನ ಸುತ್ತ ಕೂದಲಿನಂಥ ಬಿರುಕು ಹುಟ್ಟುತ್ತದೆ. ನೀರು ತೊಟ್ಟಿಕ್ಕಿಸುತ್ತ ಮೆಲ್ಲಗೆ ಕೊರೆಯಬೇಕು. ತೂತು ಕೀಲಿಗಿಂತ ಒಂದು ಕೂದಲೆಳೆ ದೊಡ್ಡದಿರಬೇಕು. ಸುತ್ತಿಗೆಯ ಪೆಟ್ಟನ್ನು ಅದು ಸಹಿಸದು. ಆದ್ದರಿಂದ ಈತ ಕೀಲಿನ ಬದಲು ಕನ್ನಡಕದ ಅಂಗಡಿಯಿಂದ ತಂದ ಸಣ್ಣ ತಿರುಪುಮೊಳೆಯನ್ನು ಉಪಯೋಗಿಸುತ್ತಾನೆ. ತಿರುಪು ದಿನಕ್ಕೊಮ್ಮೆ ಸಡಿಲವಾಗುತ್ತದೆ. ಮಧುಗಿರಿಯ ವೃದ್ಧರ ಒಂದು ಪೆಟ್ಟಿನ ವಿದ್ಯೆಯ ಬದಲಿಗೆ ಇವನದು ದಿನವೂ ಒಂದು ಸುತ್ತು. ಯಾವುದು ಮೇಲು? ನನ್ನನ್ನು ಕೇಳಿದರೆ ಸುತ್ತಿಗೆಯೇ ಮೇಲು. ಆದರೆ ಶಿರಾದಲ್ಲಿ ಆ ಕೆಂಪು ಹಿಡಿಯಿಂದಲೇ ನಾನು ಕ್ಷೌರ ಮಾಡಿಸಿಕೊಂಡೆ, ಕೆನ್ನೆ ದೂರಲಿಲ್ಲ. ಹಿಡಿಯ ಒಂದು ಮಗ್ಗುಲಿನಲ್ಲಿ ಯಾವುದೋ ಅಕ್ಷರದ ಒತ್ತಿನ ಅಂಚು ಹಾಗೆಯೇ ಉಳಿದಿತ್ತು. ಯಾವ ಅಕ್ಷರವೆಂದು ಕನ್ನಡಿಯಲ್ಲಿ ಊಹಿಸುತ್ತ ಕುಳಿತೆ. ಕನ್ನಡ ಮೇಷ್ಟರಿಗೆ ಅಂಟಿದ ಚಟ.

ಶಿರಾದಿಂದ ಪಾವಗಡಕ್ಕೆ ಹೋಗುವಾಗ ಬಯಲು ಇನ್ನೂ ಒಣಗುತ್ತದೆ. ಬಹುಭಾಗ ಆಂಧ್ರದ ನೆಲದಿಂದಲೇ ಸುತ್ತುವರಿದ ಈ ತಾಲ್ಲೂಕಿನಲ್ಲಿ ಕನ್ನಡ ತೆಲುಗುಗಳು ಒಂದೇ ವಾಕ್ಯದಲ್ಲಿ ಸಂಸಾರ ಮಾಡುತ್ತವೆ. ಕುಡಿಯುವ ನೀರಿನಲ್ಲಿ ಫ್ಲೋರೈಡಿನ ಕಾಟ ಬಹುಕಾಲದ್ದು. ಮಳೆಗೆ ಮುಖ ಮಾಡಿ ಕುಳಿತಿದ್ದ ತಿರುಮಣಿ ಮೊದಲಾದ ಹಳ್ಳಿಗಳ ಹೊಲಗಳಲ್ಲಿ ಈಗ ಬಿಸಿಲಿನ ಬೆಳೆ. 13,000 ಎಕರೆಯಲ್ಲಿ ಹರಡಿದ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನ. ಅದರ ಮೊದಲ ಹಂತ 2018ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾಯಿತು. ಭೂಮಿಯನ್ನು ಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆ. ಕಣ್ಣು ಹಾಯುವಷ್ಟು ದೂರವೂ ಕನ್ನಡಿಯಂಥ ಫಲಕಗಳು ಸೂರ್ಯನ ಕಡೆಗೆ ತಲೆ ಎತ್ತಿ ಸಾಲಾಗಿ ನಿಂತ ನೋಟ ಅದ್ಭುತವಾದುದು.

ಆ ಕಡೆಯ ಒಂದು ಸಂತೆಯಲ್ಲಿ, ಬೇವಿನ ಮರದ ಕೆಳಗೆ ಗೋಣಿ ಹಾಸಿ ಕುಳಿತಿದ್ದ ಕ್ಷೌರಿಕನನ್ನು ಕಂಡೆ. ಅರವತ್ತರ ಆಸುಪಾಸು. ಬೇವಿನ ಕೊಂಬೆಗೆ ನೇತುಹಾಕಿದ ಕನ್ನಡಿ, ಮಗ್ಗುಲಲ್ಲಿ ನೀರಿನ ಚೊಂಬು. ಕತ್ತಿಯ ಹಿಡಿ ಹಾಲಿನಂಥ ಬಿಳುಪು, ಮೇಣದಂತೆ ನುಣುಪು. ಕ್ಯಾನಿನಿಂದ ಕೊಯ್ದದ್ದು ಎಂದ. ಈ ಪ್ಲಾಸ್ಟಿಕ್ಕು ಒಡೆಯುವುದಿಲ್ಲ, ಬಿರಿಯುವುದಿಲ್ಲ, ಯಾವ ಅಂಟಿಗೂ ಅಂಟುವುದಿಲ್ಲ. ಒದ್ದೆ ಕೈಯಿಂದ ಜಾರುತ್ತದೆಂದು ಅದರ ಮೇಲೆ ಕಾದ ಮೊಳೆಯಿಂದ ಅಡ್ಡಗೆರೆಗಳನ್ನು ಎಳೆದಿದ್ದ. ಯಾವ ಕ್ಯಾನು ಎಂದು ಕೇಳಿದೆ. ಹೊಲಕ್ಕೆ ಹೊಡೆಯುವ ಔಷಧಿಯದೆಂದು ಹೇಳಿಬಿಡುವನೋ ಎಂಬ ಅಂಜಿಕೆ ನನಗೆ. ಕೀಟನಾಶಕದ ವಿಷ ಆ ಪ್ಲಾಸ್ಟಿಕ್ಕಿನ ಮೈಯೊಳಗೆ ಇಳಿದು ಕೂರುತ್ತದೆ, ತೊಳೆದರೆ ಹೋಗುವುದಿಲ್ಲ. ಅಗ್ಗವೆಂದು ಅದನ್ನು ಮಾತ್ರ ಯಾರೂ ಮುಟ್ಟಬಾರದು. ಆತ ನನ್ನ ಮುಖ ನೋಡಿ, "ಅಯ್ಯೋ, ಅದನ್ನ ಮುಟ್ತೀವಾ ಸ್ವಾಮಿ? ಇದು ಅಡಿಗೆ ಎಣ್ಣೇದು" ಎಂದ. ಹಿಡಿಯನ್ನು ಮೂಸಿ ನೋಡಲು ಕೊಟ್ಟ. ಶೇಂಗಾ ಎಣ್ಣೆಯ ಸುಳಿವು ಇನ್ನೂ ಇತ್ತು.

ಫಲಕಗಳ ಸೀಮೆಯಿಂದ ನಿನಗೇನಾದರೂ ಬಾಡಿಗೆ ಬರುತ್ತದೆಯೇ ಎಂದೆ. ಅವನಿಗೆ ಭೂಮಿಯಿಲ್ಲ, ಬಾಡಿಗೆ ಎಲ್ಲಿಂದ? ಭೂಮಿಯಿದ್ದವರಿಗೆ ವರ್ಷಕ್ಕೊಮ್ಮೆ ಹಣ ಬರುತ್ತದೆ, ಅವರಲ್ಲಿ ಕೆಲವರು ಮಕ್ಕಳ ಓದಿಗೆಂದು ಪೇಟೆ ಸೇರಿದ್ದಾರೆ. ಶೇಂಗಾ ಕೀಳಲು ಬರುತ್ತಿದ್ದ ಕೂಲಿಯವರು ಬೆಂಗಳೂರಿಗೆ ಹೋದರು. ಸುಗ್ಗಿಯಿಲ್ಲದ ಮೇಲೆ ಆಯವೂ ಇಲ್ಲ. "ಹೊಲ ಅವ್ರದು ಸ್ವಾಮಿ, ಹೊಲದಾಗಿನ ತಲೆ ನಮ್ಮವು. ಈಗ ತಲೆ ಇಲ್ಲ" ಎಂದ. ಮೊದಲು ಐದು ಹಳ್ಳಿಗೆ ಹೋಗಿ ಬರುತ್ತಿದ್ದವನು ಈಗ ಎರಡು ಸಂತೆಗಳನ್ನು ನಂಬಿದ್ದಾನೆ. ವಿದ್ಯುತ್ತು ನಾಡಿಗೆ ಬೇಕು, ಬಾಡಿಗೆ ರೈತನಿಗೆ ಬೇಕು, ಎರಡನ್ನೂ ನಾನು ಒಪ್ಪುತ್ತೇನೆ. ಗುತ್ತಿಗೆಯ ಕಾಗದದಲ್ಲಿ ಎಕರೆಗಳನ್ನು ಬರೆದವರು, ಆ ಎಕರೆಗಳ ಮೇಲೆ ಹೆಸರಿಲ್ಲದೆ ಬದುಕುತ್ತಿದ್ದವರಿಗೂ ಒಂದು ಸಾಲು ಬಿಡಬಹುದಾಗಿತ್ತು.

ಆತನ ಚೀಲದಲ್ಲಿ ಅರ್ಧ ಮುಗಿದ ಇನ್ನೊಂದು ಹಿಡಿಯಿತ್ತು. ಕಲ್ಯಾಣದುರ್ಗದ ಕಡೆಯ ನೆಂಟನೊಬ್ಬನ ಕತ್ತಿಗೆ; ಪಟ್ಟಿಗಳು ಸಿದ್ಧ, ಕೀಲೂ ಸಿದ್ಧ. ಬೆಣೆ ಮಾತ್ರ ಸಿಕ್ಕಿಲ್ಲ. ಬೆಣೆಗೆ ಎಲ್ಲಕ್ಕಿಂತ ಒಳ್ಳೆಯದು ಹಲ್ಲುಜ್ಜುವ ಬ್ರಷ್ಷಿನ ಹಿಡಿಯಂತೆ. ದಪ್ಪ ಸರಿ, ಇಳಿಜಾರೂ ಸರಿ, ಅರಕ್ಕೆ ಚೆನ್ನಾಗಿ ಕೂರುತ್ತದೆ. ನನ್ನ ಹೆಗಲ ಚೀಲದ ಕಡೆಗೆ ಒಮ್ಮೆ ನೋಡಿದ.

"ಊರಿಂದ ಬಂದವ್ರು, ಬ್ರಷ್ಷು ತಂದಿರ್ತೀರಲ್ಲ ಸ್ವಾಮಿ?"

ತಂದಿದ್ದೆ. ತೆಗೆದುಕೊಟ್ಟೆ. ಹಿಂದುಮುಂದು ತಿರುಗಿಸಿ ನೋಡಿ, ಬೆರಳಿನಿಂದ ದಪ್ಪವನ್ನು ಅಳೆದು, ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಮುಂದಿನ ಗಿರಾಕಿಯನ್ನು ಗೋಣಿಯ ಮೇಲೆ ಕೂರಲು ಕರೆದ.